ಹಳೆಯ ಕಾರಿನಲ್ಲಿ ಸ್ಕ್ಯಾನರ್ ಓದದಿದ್ದರೆ ಇಸಿಯು ಹೋಗಿದೆ ಎಂದು ನಂಬಿ ಹಣ ಕೊಡಬೇಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ 2017ಕ್ಕಿಂತ ಹಿಂದಿನ ಕಾರು ಇಟ್ಟುಕೊಂಡಿರುವವರು, ವರ್ಕ್‌ಶಾಪಿನಲ್ಲಿ ಯಾರಾದರೂ ಸ್ಕ್ಯಾನರ್ ಚುಚ್ಚಿ ನೋಡಿ "ಇಸಿಯು ಹೋಗಿದೆ, ಬದಲಿಸಬೇಕು" ಎಂದರೆ ಹಣ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಮ್ಮ ಮನೆಯ 14,000 ರೂಪಾಯಿ ಹೀಗೆ ಹೋಯಿತು. ಕಾರಿನ ಇಸಿಯುವಿಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಮಾತ್ರ ಏನೂ ಆಗಿರಲಿಲ್ಲ.

ನಮ್ಮದು 2011ರಲ್ಲಿ ಕಾಸರಗೋಡಿನಲ್ಲೇ ನೋಂದಣಿಯಾದ, ಕೆಎಲ್ 14 ಸಂಖ್ಯೆಯ ಸಣ್ಣ ಪೆಟ್ರೋಲ್ ಕಾರು. ಕಳೆದ ಮಳೆಗಾಲದಲ್ಲಿ ಅದರ ಚೆಕ್ ಎಂಜಿನ್ ದೀಪ ಆಗಾಗ ಉರಿಯತೊಡಗಿತು, ಮೈಲೇಜ್ ಇಳಿಯಿತು, ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ ಬರತೊಡಗಿತು. ತಂದೆಯವರು ಕಾರನ್ನು ಪೇಟೆಯ ಒಂದು ವರ್ಕ್‌ಶಾಪಿಗೆ ಕೊಟ್ಟರು. ಅಲ್ಲಿಯ ಮೆಕ್ಯಾನಿಕ್ ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರು. ಅಡಾಪ್ಟರಿನ ಕೆಂಪು ದೀಪ ಹತ್ತಿಕೊಂಡಿತು, ಆದರೆ ಇಸಿಯು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಆ್ಯಪ್ ಹೇಳಿತು. ಅಂಗಳದಲ್ಲಿ ಇದೇ ಮಾಡೆಲಿನ, ಇದೇ ವರ್ಷದ ಬೆಂಗಳೂರು ನೋಂದಣಿಯ ಇನ್ನೊಂದು ಕಾರು ನಿಂತಿತ್ತು. ಅದಕ್ಕೆ ಅದೇ ಅಡಾಪ್ಟರ್ ಹಾಕಿದಾಗ ಎಲ್ಲ ಮಾಹಿತಿಯೂ ಬಂತು. "ನೋಡಿ ಯಜಮಾನ್ರೇ, ಇದರಲ್ಲಿ ಓದುತ್ತದೆ, ನಿಮ್ಮದರಲ್ಲಿ ಓದುವುದಿಲ್ಲ, 2010ರ ನಂತರದ ಕಾರಿಗೆಲ್ಲ ಒಬಿಡಿ ಇದೆ" ಎಂದರೆ ಕಣ್ಣಾರೆ ಕಂಡ ಮೇಲೆ ಯಾರಾದರೂ ಒಪ್ಪುತ್ತಾರೆ.

ಈ ಸಾಕ್ಷಿಯ ಪೊಳ್ಳು ಇರುವುದು "2010ರ ನಂತರ" ಎಂಬ ಮಾತಿನಲ್ಲಿ. 2010ರ ಏಪ್ರಿಲ್‌ನಲ್ಲಿ ವಾಹನದ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಭಾರತ್ ಸ್ಟೇಜ್ 4 ನಿಯಮ ಜಾರಿಗೆ ಬಂದದ್ದು ಬೆಂಗಳೂರು, ಚೆನ್ನೈ, ಮುಂಬಯಿ, ಸೊಲ್ಲಾಪುರ ಮೊದಲಾದ 13 ನಗರಗಳಲ್ಲಿ ಮಾತ್ರ, ಮತ್ತು ಒಬಿಡಿ (ಎಂಜಿನ್ನಿನ ದೋಷ ಗುರುತಿಸಿ ಸ್ಕ್ಯಾನರಿಗೆ ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದೂ ಆ ಸ್ಟೇಜ್ 4 ಕಾರುಗಳಿಗೆ ಮಾತ್ರ. ಮೊದಲು ಬಂದದ್ದು ಒಬಿಡಿ ಒಂದು; ಮುಖ್ಯವಾಗಿ ವೈರು ಮತ್ತು ಸೆನ್ಸರಿನ ಸಂಪರ್ಕ ತುಂಡಾಗಿದೆಯೇ ಎಂದು ನೋಡುವಷ್ಟಕ್ಕೆ ಅದರ ಕೆಲಸ ಸೀಮಿತ. ಎಂಜಿನ್ ಮಿಸ್‌ಫೈರ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಸ್ಥಿತಿ ಮುಂತಾದವನ್ನೂ ಗಮನಿಸುವ ಒಬಿಡಿ ಎರಡು ಬಂದದ್ದು 2013ರ ಏಪ್ರಿಲ್‌ನಿಂದ. ಅದೇ 2010ರಲ್ಲಿ ದೇಶದ ಉಳಿದ ಭಾಗಕ್ಕೆ ಬಂದದ್ದು ಸ್ಟೇಜ್ 3. ಸ್ಟೇಜ್ 4 ಹಂತಹಂತವಾಗಿ ಬೇರೆ ಊರುಗಳಿಗೆ ಹರಡಿ, ದೇಶದ ಎಲ್ಲೆಡೆ ಕಡ್ಡಾಯವಾದದ್ದು 2017ರ ಏಪ್ರಿಲ್ 1ರಂದು. ಹೀಗಾಗಿ ಒಂದೇ ಕಂಪನಿಯ, ಒಂದೇ ಮಾಡೆಲಿನ, ಒಂದೇ ವರ್ಷದ ಎರಡು ಕಾರುಗಳಲ್ಲಿ ಬೆಂಗಳೂರಿನಲ್ಲಿ ಮಾರಾಟವಾದದ್ದಕ್ಕೆ ಒಬಿಡಿ ಇದ್ದು, ನಮ್ಮ ಕಡೆ ಮಾರಾಟವಾದದ್ದಕ್ಕೆ ಇಲ್ಲದಿರಬಹುದು. ನಮ್ಮ ಕಾರು ಸ್ಟೇಜ್ 3ರದ್ದು. ಅದರ ಇಸಿಯು ದೋಷಗಳನ್ನು ನೆನಪಿಟ್ಟುಕೊಳ್ಳುತ್ತದೆ, ಆದರೆ ತಯಾರಕರ ಸ್ವಂತ ಭಾಷೆಯಲ್ಲಿ ಕೇಳಿದರೆ ಮಾತ್ರ ಉತ್ತರಿಸುತ್ತದೆ.

ಇನ್ನೊಂದು ವಿಷಯ ಯಾರಿಗೂ ಹೊಳೆಯಲಿಲ್ಲವೆನ್ನುವುದು ನನಗೆ ಈಗಲೂ ಸೋಜಿಗ. ಕಾರು ಓಡುತ್ತಿತ್ತು! ಇಂಜೆಕ್ಟರಿಗೆ ಪೆಟ್ರೋಲ್ ಯಾವಾಗ ಬಿಡಬೇಕು, ಕಿಡಿ ಯಾವಾಗ ಹಾರಬೇಕು ಎಂದು ನಿರ್ಧರಿಸುವುದೇ ಇಸಿಯು ಆಗಿರುವಾಗ, ಪೂರ್ತಿ ಸತ್ತ ಇಸಿಯು ಇಟ್ಟುಕೊಂಡು ಕಾರು ವರ್ಕ್‌ಶಾಪಿನ ತನಕ ಹೇಗೆ ಹೋದೀತು?

ಅವರು ಹಾಕಿದ್ದು ಸೆಕೆಂಡ್ ಹ್ಯಾಂಡ್ ಇಸಿಯು. ಕಳ್ಳತನ ತಡೆಯಲು ಅದರಲ್ಲಿರುವ ಇಮೊಬಿಲೈಸರಿಗೆ ನಮ್ಮ ಕೀಲಿಯ ಗುರುತು ಇಲ್ಲದ್ದರಿಂದ, ಓಡಿಕೊಂಡು ಹೋಗಿದ್ದ ಕಾರು ಸ್ಟಾರ್ಟೇ ಆಗದೆ ಅಲ್ಲಿಯೇ ಉಳಿಯಿತು. ಕೀಲಿ ಹೊಂದಿಸಲು ಮತ್ತೆ ಹಣ ಕೇಳಿದಾಗ ನಾವು ಹಳೆಯ ಇಸಿಯುವನ್ನೇ ಹಾಕಿಸಿ, ಕಾರನ್ನು ತಲಪಾಡಿ ದಾಟಿಸಿ ಮಂಗಳೂರಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ಒಯ್ದೆವು. ಅವರ ಸ್ಕ್ಯಾನರಿನಲ್ಲಿ ಈ ತಯಾರಕರ ಪ್ರತ್ಯೇಕ ಪ್ರೋಗ್ರಾಂ ಇತ್ತು. ಮಾಡೆಲ್ ಆರಿಸಿದ ಕೂಡಲೇ ಬಂದ ದೋಷದ ಕೋಡ್ ಕೂಲೆಂಟ್ ಟೆಂಪರೇಚರ್ ಸೆನ್ಸರಿನದ್ದು. ಅದರ ಕಪ್ಲರ್ (ವೈರಿನ ಪ್ಲಗ್) ಬಿಚ್ಚಿದರೆ ಎರಡು ಪಿನ್ನುಗಳಲ್ಲಿ ಒಂದಕ್ಕೆ ಹಸಿರು ಕಿಲುಬು ಹಿಡಿದಿತ್ತು. ಕಡಲ ಕರೆಯ ಗಾಳಿಯಲ್ಲಿ ಇದು ಹೊಸತೇನಲ್ಲ. ಸಂಪರ್ಕ ಕೆಟ್ಟಾಗ ಇಸಿಯು ಎಂಜಿನ್ ತಣ್ಣಗಿದೆ ಎಂದು ತಿಳಿದು ಹೆಚ್ಚು ಪೆಟ್ರೋಲ್ ಬಿಡುತ್ತಿತ್ತು. ಪಿನ್ ಉಜ್ಜಿ, ಕಪ್ಲರ್ ಬದಲಿಸಿದ್ದಕ್ಕೆ ಆದ ಖರ್ಚು ಕೆಲವು ನೂರು ರೂಪಾಯಿ.

ನಿಮ್ಮ ಕಾರು ಯಾವ ಬಗೆಯದ್ದೆಂದು ಮನೆಯಲ್ಲೇ ಸಾಕಷ್ಟು ತಿಳಿಯಬಹುದು. ಮೊದಲು ಆರ್‌ಸಿಯಲ್ಲಿ ಅಥವಾ ಪರಿವಾಹನ್ ಆ್ಯಪಿನಲ್ಲಿ ಭಾರತ್ ಸ್ಟೇಜ್ ಎಷ್ಟೆಂದು ನೋಡಿ. ಮಾಡೆಲ್ ವರ್ಷಕ್ಕಿಂತ ಅದು ಹೆಚ್ಚು ನಂಬಲರ್ಹ. ಆಮೇಲೆ ಟಾರ್ಚ್ ಹಿಡಿದು ಸಾಕೆಟ್ಟಿನೊಳಗೆ ನೋಡಿ. 16 ತೂತುಗಳಿರುವ ಸಾಕೆಟ್ ಇದ್ದ ಮಾತ್ರಕ್ಕೆ ಅದು ಒಬಿಡಿ ಎರಡು ಆಗುವುದಿಲ್ಲ. ಯಾವ ತೂತಿನಲ್ಲಿ ಲೋಹದ ಪಿನ್ ಇದೆ ಎನ್ನುವುದು ಮುಖ್ಯ. 4 ಮತ್ತು 5 ಅರ್ತ್, 16 ಬ್ಯಾಟರಿಯ ನೇರ ಕರೆಂಟ್. 6 ಮತ್ತು 14ರಲ್ಲಿ ಪಿನ್ ಇದ್ದರೆ ಇಸಿಯು ಜೊತೆ ಮಾತಾಡುವುದು ಸಾಮಾನ್ಯವಾಗಿ ಕ್ಯಾನ್ ಎಂಬ ವ್ಯವಸ್ಥೆಯಲ್ಲಿ. 7ರಲ್ಲಿ ಇದ್ದರೆ ಕೆ-ಲೈನ್ ಎಂಬ ಹಳೆಯ ವ್ಯವಸ್ಥೆಯಲ್ಲಿ. 2 ಮತ್ತು 10 ಮುಖ್ಯವಾಗಿ ಅಮೆರಿಕದ ಹಳೆಯ ಗಾಡಿಗಳದ್ದು. 1, 3, 8, 9, 11, 12, 13 ಆಯಾ ತಯಾರಕರ ಇಷ್ಟಕ್ಕೆ ಬಿಟ್ಟವು. ನಮ್ಮ ಕಾರಿನಲ್ಲಿ 4, 5, 7, 12, 16 ಮಾತ್ರ ತುಂಬಿದ್ದವು. 7ರಲ್ಲಿ ಪಿನ್ ಇದ್ದೂ ಸಾಮಾನ್ಯ ಅಡಾಪ್ಟರಿಗೆ ಉತ್ತರ ಸಿಗದಿರಬಹುದು ಎನ್ನುವುದಕ್ಕೆ ಅದೇ ಉದಾಹರಣೆ. ಅಡಾಪ್ಟರಿನ ದೀಪ ಉರಿಯುವುದು 16ನೆಯ ಪಿನ್ನಿನ ಕರೆಂಟಿನಿಂದ. ಇಸಿಯುವಿನ ಜೀವಕ್ಕೂ ಸಾವಿಗೂ ಅದು ಪುರಾವೆಯಲ್ಲ. ಅಗ್ಗದ ನಕಲಿ ಅಡಾಪ್ಟರುಗಳಲ್ಲಿ ಕೆಲವಕ್ಕೆ ಕೆ-ಲೈನ್ ಸರಿಯಾಗಿ ಓದಲೂ ಬರುವುದಿಲ್ಲ.

ಹಳೆಯ ಕೆಲವು ಕಾರುಗಳಲ್ಲಿ ಎರಡು ಪಿನ್ನುಗಳಿಗೆ ವೈರಿನ ತುಂಡು ಸಿಕ್ಕಿಸಿ ದೀಪದ ಮಿನುಗನ್ನು ಎಣಿಸಿ ಕೋಡ್ ತಿಳಿಯುವ ಪದ್ಧತಿ ಇದೆ. ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇಲ್ಲದೆ ಅದನ್ನು 16 ಪಿನ್ನಿನ ಸಾಕೆಟ್ಟಿನಲ್ಲಿ ಪ್ರಯೋಗಿಸಲು ಯಾರಿಗೂ ಬಿಡಬೇಡಿ. ವೈರು 16ಕ್ಕೂ 4ಕ್ಕೂ ತಾಗಿದರೆ ಬ್ಯಾಟರಿ ನೇರವಾಗಿ ಶಾರ್ಟ್ ಆಗುತ್ತದೆ.

ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಆ ವರ್ಕ್‌ಶಾಪಿನವರು ಹಣ ಹಿಂದಿರುಗಿಸಲಿಲ್ಲ. ಬಿಲ್ಲಿನಲ್ಲಿ "ಇಸಿಯು ಬದಲಾವಣೆ" ಎಂದಷ್ಟೇ ಇತ್ತು. ಯಾವ ದೋಷ, ಯಾವ ಕೋಡ್, ಯಾವ ಸ್ಕ್ಯಾನರ್ ಎಂಬುದಿಲ್ಲದ್ದರಿಂದ ನಮಗೆ ವಾದಿಸಲು ಹಿಡಿತವೇ ಸಿಗಲಿಲ್ಲ. ಆದ್ದರಿಂದ ಇಸಿಯು ಬಿಚ್ಚುವ ಮೊದಲೇ ಕೋಡನ್ನು ಎಸ್ಟಿಮೇಟಿನಲ್ಲಿ ಬರೆಸಿಕೊಳ್ಳಿ. ಕೋಡೇ ಬರಲಿಲ್ಲ ಎಂದರೆ ನಿಮ್ಮ ಮಾಡೆಲ್ ಮತ್ತು ಭಾರತ್ ಸ್ಟೇಜಿನ ಪ್ರೋಗ್ರಾಂ ಆ ಸ್ಕ್ಯಾನರಿನಲ್ಲಿ ಇದೆಯೇ ಎಂದು ಪರದೆಯಲ್ಲೇ ತೋರಿಸಲು ಹೇಳಿ. ಹಳೆಯ ಇಸಿಯುವಿನ ಮೇಲಿರುವ ಪಾರ್ಟ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ಅದನ್ನು ಬದಲಿ ಸಾಮಾನಿನ ಲೆಕ್ಕದಲ್ಲಿ ಅಂಗಡಿಗೆ ಬಿಟ್ಟುಕೊಡಬೇಡಿ.