ಬಿಜಿಎಂಐನ ಮೈಕ್ ಬಟನ್: ನಾಲ್ಕು ವರ್ಷ ಒತ್ತಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಇಡೀ ಗೇಮಿನ ವಿಮರ್ಶೆ ಅಲ್ಲ. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐ ಅನ್ನುವ ಗುಂಡಿನ ಕಾಳಗದ ಫೋನ್ ಗೇಮಿನ ಗ್ರಾಫಿಕ್ಸ್, ಗನ್ ಸ್ಕಿನ್ (ಗನ್ನಿನ ಮೇಲಿನ ಬಣ್ಣ, ಚಿತ್ತಾರ), ಯುಸಿ (ಗೇಮಿನೊಳಗಿನ ದುಡ್ಡು) ರೇಟು, ಯಾವ ಫೋನಿನಲ್ಲಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರ) ಬರುತ್ತದೆ, ಇದನ್ನೆಲ್ಲ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಮೂರೇ ಸಂಗತಿಗಳ ಬಗ್ಗೆ. ಮೈಕ್, ಕ್ವಿಕ್ ಚಾಟ್, ಮಾರ್ಕರ್. ಈ ಮೂರನ್ನು ಇಟ್ಟುಕೊಂಡು ಜೊತೆಯಲ್ಲಿ ಆಡುವವನಿಗೆ ಏನು ಬೇಕಾದರೂ ಹೇಳಬಹುದು. ಅವನು ಕೇಳಿರಲಿ, ಕೇಳದೇ ಇರಲಿ. ತೊಂದರೆ ಶುರುವಾಗುವುದೇ ಅಲ್ಲಿ.

2021ರ ಜುಲೈನಲ್ಲಿ ಗೇಮ್ ಬಂದ ವಾರವೇ ಹಾಕಿಕೊಂಡೆ. 2022ರ ಜುಲೈ ಕೊನೆಯಲ್ಲಿ ಅದನ್ನು ಆಪ್ ಸ್ಟೋರ್‌ಗಳಿಂದ ತೆಗೆದರಲ್ಲ, ಆಗ ನನ್ನ ಫೋನ್ ಬೇರೆ ಹಾಳಾಗಿತ್ತು. ಹೊಸ ಫೋನಿಗೆ ಮತ್ತೆ ಹಾಕಿಕೊಳ್ಳಲು, ಗೇಮ್ ಸ್ಟೋರಿಗೆ ವಾಪಸ್ ಬಂದ 2023ರ ಮೇ ಕೊನೆಯವರೆಗೆ ಕಾಯಬೇಕಾಯಿತು. ಆ ಹತ್ತು ತಿಂಗಳು ಬಿಟ್ಟರೆ ನಾಲ್ಕು ವರ್ಷದ ಲೆಕ್ಕ ಸರಿಯಿದೆ. ದಾವಣಗೆರೆಯಲ್ಲಿ ಹಗಲೆಲ್ಲ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವುದು, ರಾತ್ರಿ ಊಟ ಆದ ಮೇಲೆ ಎರಡು ಮೂರು ಮ್ಯಾಚ್. ನಮ್ಮದು ಮೂರು ಜನರ ಗುಂಪು. ನಾನು, ಹುಬ್ಬಳ್ಳಿಯ ಗೆಳೆಯ, ಮೈಸೂರಿನ ಇನ್ನೊಬ್ಬ. ಸ್ಕ್ವಾಡ್ ಅಂದರೆ ನಾಲ್ಕು ಜನ ಬೇಕು. ಹಾಗಾಗಿ ನಾಲ್ಕನೆಯವನು ಯಾವಾಗಲೂ ರ‍್ಯಾಂಡಮ್, ಗೇಮ್ ಕಳಿಸಿಕೊಟ್ಟ ಅಪರಿಚಿತ. ಈ ವಿಮರ್ಶೆ ಬಹುಪಾಲು ಆ ನಾಲ್ಕನೆಯವನ ಕಿವಿಯ ಬಗ್ಗೆ.

ಮಾರ್ಕರ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೊಗಳಿ ಮುಗಿಸುವುದು ಸುಲಭ. ಮ್ಯಾಪ್ ಮೇಲೆ ಬೆರಳು ಇಟ್ಟರೆ ನಿಮ್ಮ ಬಣ್ಣದ ಗುರುತು ಬೀಳುತ್ತದೆ. ಒಂದನೆಯವನದು ಹಳದಿ, ಎರಡನೆಯವನದು ಕಿತ್ತಳೆ, ಆಮೇಲೆ ನೀಲಿ, ಹಸಿರು. ರ‍್ಯಾಂಡಮ್ ಹುಡುಗ ಪಾಟ್ನಾದವನಿರಲಿ, ಕೊಚ್ಚಿಯವನಿರಲಿ, ಬಣ್ಣಕ್ಕೆ ಭಾಷೆ ಬೇಡ. ಇನ್ನೂ ಒಂದು ದೊಡ್ಡ ಗುಣ ಇದೆ. ಮಾರ್ಕರ್ ‘ಇಲ್ಲಿ’ ಅನ್ನುತ್ತದೆ, ‘ಯಾಕೆ ಅಲ್ಲಿ’ ಅನ್ನುವುದಿಲ್ಲ. ಬೇಕಾದರೆ ಬಾ, ಬೇಡವಾದರೆ ಬಿಡು. ಬರದೇ ಇದ್ದರೆ ಯಾರ ಮುಖವೂ ಕೆಂಪಾಗುವುದಿಲ್ಲ. ಐದಕ್ಕೆ ಐದು.

ಕ್ವಿಕ್ ಚಾಟ್ ಕೂಡ ಒಳ್ಳೆಯದೇ. ಬಟನ್ ಒತ್ತಿದರೆ ‘ಎನಿಮೀಸ್ ಅಹೆಡ್’ (ಮುಂದೆ ಶತ್ರುಗಳಿದ್ದಾರೆ) ಅಂತ ಮೊದಲೇ ರೆಕಾರ್ಡ್ ಆದ ದನಿ, ಅದರಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ಆದರೆ ನಮ್ಮ ಜನ ಎಂಥವರು ಗೊತ್ತಲ್ಲ. ಕೊಂಕಿಲ್ಲದ ಮಾತಿಗೂ ಕೊಂಕು ತುಂಬುತ್ತಾರೆ. ಮನೆಯೊಳಗೆ ಕೂತು ಹೊರಗೆ ಬಾರದವನಿಗೆ ‘ಎನಿಮೀಸ್ ಅಹೆಡ್’ ಅನ್ನು ಆರು ಸಲ ಒತ್ತಿದರೆ ಅದು ಮಾಹಿತಿ ಅಲ್ಲ, ಬೈಗುಳ. ‘ಐ ಗಾಟ್ ಸಪ್ಲೈಸ್’ (ಸಾಮಾನು ಸಿಕ್ಕಿತು) ಅನ್ನು ಸುಮ್ನೆ ಒತ್ತುತ್ತಾ ಕೂರುವ ಹುಡುಗರು ಬೇರೆ. ಅವರದು ಸಲಹೆ ಅಲ್ಲ, ಹುಚ್ಚು. ಐದಕ್ಕೆ ನಾಲ್ಕು.

ಈಗ ಮೈಕ್.

ಮೊದಲ ಒಂದೂವರೆ ವರ್ಷ ನಾನು ಸ್ಕ್ವಾಡಿನ ಮೇಷ್ಟ್ರು ಆಗಿದ್ದೆ. ಯಾರೂ ಮಾಡಿದ್ದಲ್ಲ, ನಾನೇ ಆಗಿದ್ದು. ಗೇಮಿನಲ್ಲಿ ಮೇಲಿನ ಮಟ್ಟದ ಕ್ರೌನ್ ರ‍್ಯಾಂಕ್ ಬಂದಿತ್ತು, ತಲೆಗೂ ಏರಿತ್ತು. ‘ಲೂಟ್ ಸಾಕು ಬಾ’, ‘ಆ ಗನ್ ಬಿಡು’, ‘ಓಡುವಾಗ ನೆಟ್ಟಗೆ ಓಡಬೇಡ’, ‘ನಾಕ್ ಆದವನನ್ನು ಬಿಡು, ಮೊದಲು ಕವರ್ ಹಿಡಿ’. ಲೂಟ್ ಅಂದರೆ ಸಾಮಾನು ಹೆಕ್ಕುವುದು, ನಾಕ್ ಅಂದರೆ ಏಟು ತಿಂದು ಬಿದ್ದು ಇನ್ನೂ ಸಾಯದೇ ಇರುವುದು, ಕವರ್ ಅಂದರೆ ಮರೆ. ಎಲ್ಲವೂ ಸರಿಯಾದ ಮಾತೇ. ಈಗಲೂ ಒಂದನ್ನೂ ತಪ್ಪು ಅನ್ನಲಾರೆ. ಸಲಹೆ ಸರಿಯಿದ್ದರೆ ಕೊಡುವುದರಲ್ಲಿ ತಪ್ಪೇನು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಊರಿನಲ್ಲಿ ಹಬ್ಬದ ದಿನ ಚೌಕಾಬಾರ ಆಡುವಾಗ ನೋಡಿರುತ್ತೀರಿ. ಆಡುವವರು ನಾಲ್ಕು ಜನ, ಸುತ್ತ ಕೂತವರು ಎಂಟು ಜನ. ಕವಡೆ ಬೀಳುವ ಮೊದಲೇ ‘ಆ ಕಾಯಿ ನಡೆಸು, ಈ ಕಾಯಿ ನಡೆಸು’ ಅಂತ ಶುರು. ಅಲ್ಲಿ ಅದು ನಡೆಯುತ್ತದೆ. ಕಾಯಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಆಡುವವನು ಎಲ್ಲರ ಮಾತು ಕೇಳಿ, ಒಂದು ಗುಟುಕು ಟೀ ಕುಡಿದು, ಕೊನೆಗೆ ತನಗೆ ಬೇಕಾದದ್ದನ್ನೇ ನಡೆಸುತ್ತಾನೆ. ನಾನು ಆ ಅಭ್ಯಾಸವನ್ನು ಹಾಗೇ ಫೋನಿಗೆ ತಂದಿದ್ದೆ. ಇಲ್ಲಿ ಆಟ ಆಡುವುದು ಕಣ್ಣಿನಿಂದ ಎಷ್ಟೋ ಕಿವಿಯಿಂದಲೂ ಅಷ್ಟೇ ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ.

ಗೇಮ್ ಗೊತ್ತಿಲ್ಲದವರಿಗೆ ಒಂದು ಮಾತು. ನೂರು ಜನ ಒಂದು ಮ್ಯಾಪಿಗೆ ಇಳಿಯುತ್ತಾರೆ. ಎರಾಂಗೆಲ್ ಅನ್ನುವ ಮ್ಯಾಪ್ ಎಂಟು ಕಿಲೋಮೀಟರಿಗೆ ಎಂಟು ಕಿಲೋಮೀಟರ್. ಝೋನ್, ಅಂದರೆ ಸುರಕ್ಷಿತವಾದ ಜಾಗ, ಕುಗ್ಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆದ್ದಂತೆ. ಮನೆಯೊಳಗೆ ಇದ್ದಾಗ ಶತ್ರುವನ್ನು ಕಾಣುವ ಮೊದಲು ಅವನ ಹೆಜ್ಜೆ ಸದ್ದು ಕೇಳುತ್ತದೆ. ಮಿನಿ ಮ್ಯಾಪಿನಲ್ಲಿ ಹೆಜ್ಜೆ ಗುರುತು ಮೂಡುತ್ತದೆ, ನಿಜ. ಆದರೆ ಮೇಲಿನ ಮಹಡಿಯೋ, ಕೆಳಗೋ, ಮೆಟ್ಟಿಲು ಹತ್ತುತ್ತಿದ್ದಾನೋ, ಇದನ್ನು ನಾನು ಕಿವಿಯಿಂದಲೇ ತಿಳಿಯುವುದು. ಬಾಗಿಲು ತೆರೆದ ಸದ್ದು, ಗ್ರೆನೇಡಿನ ಪಿನ್ ಎಳೆದ ಸದ್ದು, ಎಲ್ಲ ಆ ಒಂದೇ ಇಯರ್‌ಫೋನಿನಲ್ಲಿ. ನನ್ನ ಬಿಟ್ಟಿ ಸಲಹೆ ಬರುವುದೂ ಅದೇ ಇಯರ್‌ಫೋನಿನಲ್ಲಿ.

ಇದನ್ನು ಮೊದಲು ಎತ್ತಿ ತೋರಿಸಿದವನು ನನ್ನ ಅಕ್ಕನ ಮಗ. ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಿದ್ದ. ಹದಿನೆಂಟು ಆಗದವರಿಗೆ ಈ ಗೇಮ್ ದಿನಕ್ಕೆ ಮೂರೇ ಗಂಟೆ ಕೊಡುವುದು, ಹಾಗಾಗಿ ಅವನಿಗೆ ಪ್ರತಿ ನಿಮಿಷವೂ ಬೆಲೆಯದ್ದು. ರಜೆಯಲ್ಲಿ ಒಂದು ವಾರ ನಮ್ಮ ಜೊತೆ ನಾಲ್ಕನೆಯವನಾಗಿ ಆಡಿದ. ವಾರದ ಕೊನೆಗೆ ಮೆಲ್ಲಗೆ ಹೇಳಿದ. ‘ಮಾಮ, ಬೇಜಾರಾಗಬೇಡಿ. ನೀವು ಬದುಕಿದ್ದಾಗ ಮಾತಾಡೋದಕ್ಕಿಂತ ಸತ್ತ ಮೇಲೆ ಜಾಸ್ತಿ ಮಾತಾಡ್ತೀರ.’

ನಕ್ಕೆ. ಆದರೆ ಮಾತು ಚುಚ್ಚಿತು. ಸತ್ತ ಮೇಲೆ ಲಾಬಿಗೆ, ಅಂದರೆ ಗೇಮಿನ ಮೊದಲ ಪರದೆಗೆ, ಹೋಗದೆ, ಉಳಿದ ಗೆಳೆಯನ ಸ್ಕ್ರೀನನ್ನೇ ನೋಡುತ್ತಾ ಕೂರಬಹುದು. ಮೈಕ್ ತೆರೆದೇ ಇರುತ್ತದೆ. ಕೈಗೆ ಕೆಲಸ ಇಲ್ಲ, ಬಾಯಿಗೆ ಬೇಕಾದಷ್ಟು ಕೆಲಸ. ಇಸ್ಪೀಟು ಆಡುವವನ ಹಿಂದೆ ಕೂತು ಎಲೆ ನೋಡುವವನ ಸ್ಥಿತಿಯೇ. ಅವನಿಗೆ ಎಲ್ಲ ಎಲೆಯೂ ಗೊತ್ತು, ಅವನ ದುಡ್ಡು ಮಾತ್ರ ಅಲ್ಲಿಲ್ಲ.

ಕೆಲವು ದಿನ ಬಿಟ್ಟು ಒಂದು ಮ್ಯಾಚನ್ನು ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಉದ್ದೇಶ ಒಳ್ಳೆಯದೇನಲ್ಲ. ರ‍್ಯಾಂಡಮ್ ಹುಡುಗರು ಹೇಗೆ ಮ್ಯಾಚ್ ಕೆಡಿಸುತ್ತಾರೆ ಅಂತ ಹುಬ್ಬಳ್ಳಿಯವನಿಗೆ ತೋರಿಸಬೇಕಿತ್ತು. ಎರಾಂಗೆಲ್ ಮ್ಯಾಪಿನ ಪೊಚಿಂಕಿ ಅನ್ನುವ ಊರಿನಲ್ಲಿ ನಾವು ಮೂವರೂ ಸತ್ತೆವು. ಉಳಿದವನು ಒಬ್ಬನೇ, ಆ ನಾಲ್ಕನೆಯ ಹುಡುಗ, ಎರಡು ಮಹಡಿಯ ಮನೆಯಲ್ಲಿ ಮೇಲಿನ ಕೋಣೆಯಲ್ಲಿ. ನಾನು ಅವನ ಸ್ಕ್ರೀನ್ ನೋಡುತ್ತಿದ್ದೆ. ಮರುದಿನ ರೆಕಾರ್ಡಿಂಗ್ ಹಾಕಿ ಕೇಳಿದೆ. ‘ಕಿಟಕಿ ಬಿಡು. ಕಿಟಕಿ ಬಿಡು ಬ್ರೋ. ಹೀಲ್ ಮಾಡ್ಕೋ. ಸ್ಕೋಪ್ ಬದಲಾಯಿಸು. ಯಾಕೆ ನಿಂತಿದ್ದೀಯ, ಪ್ರೋನ್ ಆಗು (ನೆಲಕ್ಕೆ ಮಲಗು).’ ನನ್ನ ದನಿ ನಿಲ್ಲುವುದೇ ಇಲ್ಲ. ಎಣಿಸಲು ಹೋಗಿ ನಲವತ್ತು ದಾಟಿದ ಮೇಲೆ ಬಿಟ್ಟೆ. ಆ ದನಿಯ ಅಡಿಯಲ್ಲಿ, ಸ್ವಲ್ಪ ಗಮನ ಇಟ್ಟರೆ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಚೆನ್ನಾಗಿ ಕೇಳುತ್ತಿತ್ತು. ನಾಲ್ಕು ಹೆಜ್ಜೆ. ಆಮೇಲೆ ಗುಂಡು. ಆಮೇಲೆ ಮತ್ತೆ ನಾನೇ. ‘ನೋಡ್ಕೊಂಡು ಆಡೋಕಾಗಲ್ವಾ?’

ಹುಬ್ಬಳ್ಳಿಯವನಿಗೆ ಆ ವಿಡಿಯೋ ಕಳಿಸಲಿಲ್ಲ.

ಅಲ್ಲಿಂದ ಮೈಕನ್ನು ಬೇರೆ ಥರ ಬಳಸಲು ನೋಡಿದೆ. ನನಗೆ ನಾನೇ ಹಾಕಿಕೊಂಡ ಅಳತೆ ಒಂದೇ. ಹೇಳುವ ಮಾತು ಶತ್ರುವಿನ ಬಗ್ಗೆಯೋ, ಗೆಳೆಯನ ಬಗ್ಗೆಯೋ? ‘315, ಮರದ ಹಿಂದೆ, ಒಬ್ಬ’ ಅಂದರೆ ಅದು ಶತ್ರುವಿನ ಬಗ್ಗೆ. ಮೇಲೆ ದಿಕ್ಸೂಚಿಯಲ್ಲಿ ಡಿಗ್ರಿ ಕಾಣುತ್ತದೆ, ಆ ಸಂಖ್ಯೆ ಸಾಕು. ‘ನಿನ್ನದು ಯಾವಾಗಲೂ ಇದೇ ಕತೆ’ ಅಂದರೆ ಅದು ಗೆಳೆಯನ ಬಗ್ಗೆ. ಮೊದಲನೆಯದು ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಅವನು ಉತ್ತರ ಕೊಡಬೇಕು, ಸಮರ್ಥಿಸಿಕೊಳ್ಳಬೇಕು, ಅಷ್ಟರಲ್ಲಿ ಝೋನ್ ಕುಗ್ಗಿ ಹತ್ತಿರ ಬಂದಿರುತ್ತದೆ.

ಹೇಳಲು ಸುಲಭ. ಜಾರುವುದು ಪ್ರಶ್ನೆಗಳಲ್ಲಿ. ಕನ್ನಡದಲ್ಲಿ ನಾವು ಬೈಯುವುದೇ ಪ್ರಶ್ನೆ ಕೇಳಿ, ಅಲ್ವಾ? ‘ಸ್ಮೋಕ್ (ಹೊಗೆ ಬಾಂಬು) ಇರಲಿಲ್ವಾ?’ ಅನ್ನುವುದಕ್ಕೆ ಯಾರೂ ‘ಇತ್ತು, ಎರಡು’ ಅಂತ ಉತ್ತರ ಬಯಸುವುದಿಲ್ಲ. ಅದೂ ಅವನು ಸತ್ತ ಮೇಲೆ ಕೇಳುವ ಪ್ರಶ್ನೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಈ ಒಂದು ಚಟ ಬಿಡಲು ನನಗೆ ಆರು ತಿಂಗಳು ಬೇಕಾಯಿತು. ಪೂರ್ತಿ ಬಿಟ್ಟಿದ್ದೇನೆ ಅಂದರೆ ಮೈಸೂರಿನವನು ನಗುತ್ತಾನೆ.

ಟೂರ್ನಮೆಂಟ್ ಆಡುವ ತಂಡಗಳಲ್ಲಿ ಒಬ್ಬ ನಿಂತು ಎಲ್ಲರಿಗೂ ಹೇಳುತ್ತಾನಲ್ಲ, ಅಂತ ಕೆಲವರು ವಾದ ಮಾಡುತ್ತಾರೆ. ಹೌದು, ಐಜಿಎಲ್ (ಇನ್-ಗೇಮ್ ಲೀಡರ್, ಆಟದೊಳಗಿನ ನಾಯಕ) ಅಂತ ಒಬ್ಬ ಇರುತ್ತಾನೆ. ಯಾವಾಗ ರಶ್ (ಮುನ್ನುಗ್ಗುವುದು), ಯಾವಾಗ ಹಿಂದೆ ಸರಿಯುವುದು, ಅವನ ಕಾಲ್. ಆದರೆ ಆ ತಂಡ ಅವನನ್ನು ಒಪ್ಪಿ ಕೂರಿಸಿದೆ. ಅವನದು ಯಾರೂ ಕೇಳದೇ ಬಂದ ಸಲಹೆ ಅಲ್ಲ. ರ‍್ಯಾಂಡಮ್ ಸ್ಕ್ವಾಡಿನಲ್ಲಿ ನಮ್ಮನ್ನು ಯಾರು ಕೂರಿಸಿದರು? ಹುಡುಗ ಆಫೀಸು ಮುಗಿಸಿಯೋ, ಪರೀಕ್ಷೆ ಮುಗಿಸಿಯೋ ಅರ್ಧ ಗಂಟೆ ಆಡಲು ಬಂದಿರುತ್ತಾನೆ. ಅವನಿಗೆ ಗೆಲ್ಲಲೇಬೇಕು ಅಂತಿದೆ ಅಂತ ನಾವೇ ಅಂದುಕೊಂಡಿರುತ್ತೇವೆ. ಕೆಲವರಿಗೆ ಗೇಮಿನ ಬಗ್ಗಿ ಗಾಡಿಯಲ್ಲಿ ಸುತ್ತುವುದೇ ಖುಷಿ.

ಹಾಗಂತ ಬಾಯಿ ಹೊಲಿದುಕೊಂಡು ಆಡಿ ಅನ್ನುತ್ತಿಲ್ಲ. ಹೊಸಬರು ಸಿಗುತ್ತಾರೆ, ನಿಜವಾಗಲೂ ಗೊತ್ತಿಲ್ಲದವರು. ಹೋದ ವರ್ಷ ಒಬ್ಬ ಹುಡುಗ ಸಿಕ್ಕಿದ್ದ, ರಾಯಚೂರು ಕಡೆಯವನು. ಕೈಯಲ್ಲಿ ಎಂ416 ಗನ್, ಬ್ಯಾಗ್ ತುಂಬಾ 7.62 ಗುಂಡು. ಆ ಗನ್ನಿಗೆ ಬೇಕಾದದ್ದು 5.56. 7.62 ಹೋಗುವುದು ಎಕೆಎಂ ಥರದ ಗನ್ನಿಗೆ. ಹಳೆಯ ನಾನಾಗಿದ್ದರೆ ಅಲ್ಲೇ ಪಾಠ ಶುರು ಮಾಡುತ್ತಿದ್ದೆ, ‘ಬಾಟ್’ (ಕಂಪ್ಯೂಟರ್ ಆಡಿಸುವ ಗೊಂಬೆ) ಅಂತ ಒಂದು ಬಿರುದೂ ಕೊಡುತ್ತಿದ್ದೆ. ಈ ಸಲ ನನ್ನ ಹತ್ತಿರ ಇದ್ದ 5.56ರಲ್ಲಿ ಅರ್ಧ ಅವನ ಕಾಲ ಬಳಿ ಬಿಸಾಡಿದೆ, ಅಷ್ಟೇ. ಎತ್ತಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಕೇಳಿದ. ‘ಅಣ್ಣಾ, ಹಂಗಾದ್ರ ಇನ್ನೊಂದು ಎದಕ್ಕ ಬರತೈತಿ?’ ಕೇಳಿದ ಮೇಲೆ ಹೇಳಲು ಏನು ಕಷ್ಟ? ಗನ್ನಿಗೆ ಜೋಡಿಸುವ ಸ್ಕೋಪಿನಿಂದ ಹಿಡಿದು ಗನ್ನಿನ ಅಲುಗಾಟ ತಗ್ಗಿಸುವ ಕಾಂಪೆನ್ಸೇಟರ್‌ವರೆಗೆ ಎಲ್ಲ ಹೇಳಿದೆ. ಗಾಡಿಯಲ್ಲಿ ಹೋಗುತ್ತಿದ್ದೆವು, ಸುತ್ತ ಯಾರೂ ಇರಲಿಲ್ಲ. ಅವನು ಈಗಲೂ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾನೆ, ರ‍್ಯಾಂಕ್ ನನಗಿಂತ ಮೇಲೆ. ಈಗ ನನ್ನನ್ನು ಏನೂ ಕೇಳುವುದಿಲ್ಲ ಅನ್ನುವುದು ಬೇರೆ ಮಾತು.

‘ಒಂದು ಮಾತು ಹೇಳಲಾ?’ ಅಂತ ಕೇಳಿ ನೋಡಿದ್ದೂ ಉಂಟು. ಕೆಲಸ ಮಾಡುತ್ತದೆ, ಆದರೆ ಉತ್ತರ ಕೇಳಿಸಿಕೊಳ್ಳುವುದನ್ನು ಕಲಿಯಬೇಕು. ‘ಹೇಳಣ್ಣ’ ಅಂದರೆ ಹೇಳಿ. ‘ಇರ್ಲಿ ಬ್ರೋ’ ಅಂದರೆ ಬೇಡ ಅಂತ. ‘ಹ್ಞೂಂ’ ಅಂತ ಎಳೆದರೆ ಅದೂ ಬೇಡ ಅಂತಲೇ. ಇಷ್ಟಾದ ಮೇಲೂ ಹೇಳಿದವನು ಕೇಳಿದ್ದೇ ಸುಳ್ಳು.

ಮ್ಯೂಟ್ ಬಗ್ಗೆ ಚಿಕ್ಕದಾಗಿ. ಒಬ್ಬೊಬ್ಬರನ್ನೇ ಬೇಕಾದರೆ ಮ್ಯೂಟ್ ಮಾಡಬಹುದು, ಮಾಡಿದ್ದು ಎದುರಿನವನಿಗೆ ಹೇಳಬೇಕಾಗಿಲ್ಲ. ನನ್ನನ್ನು ಎಷ್ಟು ಜನ ಮಾಡಿದ್ದಾರೋ ದೇವರಿಗೇ ಗೊತ್ತು. ಒಂದು ಸಲ ಮಾತ್ರ ಕೈಗೆ ಸಿಕ್ಕಿತು. ಬ್ಯಾಂಡೇಜ್ ಕೊಡು ಅಂತ ನಾಲ್ಕು ಸಲ ಕೇಳಿದೆ, ಹುಡುಗ ತಿರುಗಿಯೂ ನೋಡಲಿಲ್ಲ. ಹುಬ್ಬಳ್ಳಿಯವನು ಒಂದು ಸಲ ಕೇಳಿದ, ತಕ್ಷಣ ಬಿಸಾಡಿದ. ಬೈದವನನ್ನು ಮ್ಯೂಟ್ ಮಾಡಿ, ಸಂಕೋಚ ಬೇಡ. ಬರೀ ಸಲಹೆ ಕೊಡುವವನನ್ನು ಮಾಡಿದರೆ ಒಂದು ನಷ್ಟ ಇದೆ. ಅವನು ‘ಹಿಂದೆ, ಹಿಂದೆ’ ಅಂದದ್ದೂ ಕೇಳುವುದಿಲ್ಲ. ನಾನು ಹಾಗೆ ಎರಡು ಸಲ ಹೋಗಿದ್ದೇನೆ.

ಇಯರ್‌ಫೋನ್ ಯಾವುದು ಒಳ್ಳೆಯದು ಅಂತ ಕೇಳುವವರಿಗೆ. ಕಂಪನಿಯೊಂದರ ದುಬಾರಿ ಬ್ಲೂಟೂತ್ ಮಾಲು ಕೊಂಡು ಕೆಟ್ಟೆ. ಸದ್ದು ಒಂದು ಚೂರು ತಡವಾಗಿ ಬರುತ್ತಿತ್ತು, ಅಷ್ಟರಲ್ಲಿ ಸತ್ತಾಗಿರುತ್ತಿತ್ತು. ಈಗ ವೈರ್ ಇರುವುದನ್ನೇ ಬಳಸುತ್ತೇನೆ.

ಮೈಕಿಗೆ ಅಂಕ ಕೊಡಲು ಒದ್ದಾಡುತ್ತಿದ್ದೇನೆ. ನಾಕ್ ಆದಾಗ ‘ಗೋಡೆ ಹಿಂದೆ ತೆವಳು, ಬರ್ತಿದ್ದೀನಿ’ ಅನ್ನುವ ಒಂದು ದನಿ ಸಿಕ್ಕರೆ ಬಿದ್ದವನನ್ನು ಎಬ್ಬಿಸುವ ಆ ಹತ್ತು ಸೆಕೆಂಡಿನ ರಿವೈವ್‌ಗೆ ಐದಕ್ಕೆ ಹತ್ತು ಕೊಡಬೇಕು ಅನ್ನಿಸುತ್ತದೆ. ನಾನು ಮೊದಲ ಒಂದೂವರೆ ವರ್ಷ ಬಳಸಿದ ರೀತಿಗೆ ಒಂದು. ಸದ್ಯಕ್ಕೆ ಮೂರು ಅಂತ ಇಟ್ಟುಕೊಳ್ಳಿ.

ಈಗಿನ ನನ್ನ ಅಭ್ಯಾಸ ಇಷ್ಟೇ. ಸತ್ತ ಕೂಡಲೇ ಮೊದಲು ಸ್ವಂತ ಮೈಕ್ ಆಫ್. ಆಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವುದು. ಬಂದು ಕೂತು ಉಳಿದವರ ಆಟ ನೋಡುವುದು, ಬಾಯಿ ಮುಚ್ಚಿಕೊಂಡು. ಮೊದಲ ಸಲ ಹೀಗೆ ಮಾಡಿದಾಗ ಹುಬ್ಬಳ್ಳಿಯವನು ಒಬ್ಬನೇ ಉಳಿದಿದ್ದ. ಎರಡು ನಿಮಿಷ ಯಾರ ದನಿಯೂ ಇಲ್ಲ. ಒಬ್ಬನನ್ನು ಹೊಡೆದ, ಇನ್ನೊಬ್ಬನನ್ನೂ ಹೊಡೆದ. ಆಮೇಲೆ ಗಾಬರಿಯಾಗಿ ಕೂಗಿದ. ‘ಏನಲೇ ದೋಸ್ತ, ಅದಿಯೇನು? ನೆಟ್ ಹೋತೇನು?’