ಪಿಪಿಎಫ್‌ಗೆ ಮಿತಿ ಮೀರಿ ಕಟ್ಟಿದ ಹಣ ಮತ್ತು ಜಗತ್ ವೃತ್ತದ ಬಳಿಯ ತೆರಿಗೆ ಸಲಹಾ ಕಚೇರಿ

ಕಲಬುರಗಿಯ ಜಗತ್ ವೃತ್ತದ ಬಳಿ, ಔಷಧದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಈ ಸಣ್ಣ ಕಚೇರಿಗೆ ನಾನು ಹೋದದ್ದು ಕಳೆದ ಡಿಸೆಂಬರಿನಲ್ಲಿ. ಪಿಂಚಣಿಯಿಲ್ಲದ ಖಾಸಗಿ ನೌಕರಿ ನನ್ನದು. ಆದ್ದರಿಂದ ಮುಪ್ಪಿನ ಕಾಲಕ್ಕೆಂದು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಕಟ್ಟುತ್ತ ಬಂದಿದ್ದೇನೆ. 2023ರ ಏಪ್ರಿಲ್ ಮೊದಲ ವಾರದಲ್ಲಿ ಬ್ಯಾಂಕಿನಲ್ಲಿರುವ ನನ್ನ ಖಾತೆಗೆ 1,20,000 ರೂಪಾಯಿಯನ್ನೂ, ಅಂಚೆ ಕಚೇರಿಯಲ್ಲಿರುವ ಅಪ್ರಾಪ್ತ ಮಗಳ ಖಾತೆಗೆ 90,000 ರೂಪಾಯಿಯನ್ನೂ ಕಟ್ಟಿದ್ದೆ. ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಎರಡೂ ಖಾತೆಗಳಿಗೆ ಸೇರಿಯೇ ಅನ್ವಯಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಖಾತೆಗಳು ಬೇರೆ ಬೇರೆ ಕಡೆ ಇದ್ದುದರಿಂದ ಯಾರೂ ತಡೆಯಲೂ ಇಲ್ಲ.

ಅದಕ್ಕೂ ಮೊದಲು ನಾನು ವಿಚಾರಿಸಿದ ಮತ್ತೊಬ್ಬ ಸಲಹೆಗಾರರು, ಇಂಥದ್ದನ್ನು ಯಾರು ನೋಡುತ್ತಾರೆ, ಸುಮ್ಮನಿರಿ ಎಂದಿದ್ದರು. ಇಲ್ಲಿನವರು ಹಾಗೆ ಹೇಳಲಿಲ್ಲ. ಒಂದೇ ಎಂದು ನಾನು ತಿಳಿದಿದ್ದ ತಪ್ಪನ್ನು ಎರಡಾಗಿ ಬಿಡಿಸಿ ತೋರಿಸಿದರು. ಹೆಚ್ಚುವರಿ 60,000 ರೂಪಾಯಿಗೆ ಬಡ್ಡಿಯಿಲ್ಲ, ಅಸಲು ಮಾತ್ರ ಮರಳುತ್ತದೆ. 7.1 ಶೇಕಡಾ ದರದಲ್ಲಿ ಮೊದಲ ವರ್ಷವೇ ಜಮೆಯಾಗಿದ್ದ 4,260 ರೂಪಾಯಿಯನ್ನು ಬಿಟ್ಟುಕೊಡಲೇಬೇಕಾಯಿತು. ಎರಡನೆಯ ತಪ್ಪು ಇನ್ನೂ ದೊಡ್ಡದು. ಮಗಳ ಖಾತೆಗೆ ಹಣ ಕಟ್ಟಿದವನು ನಾನಾಗಿದ್ದರೂ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ನನ್ನ ಪತ್ನಿ ಆ 90,000 ರೂಪಾಯಿಗೆ ತಮ್ಮ ತೆರಿಗೆ ರಿಟರ್ನ್‌ನಲ್ಲಿ 80ಸಿ ವಿನಾಯಿತಿ, ಅಂದರೆ ಇಂಥ ಉಳಿತಾಯಕ್ಕೆ ಸಿಗುವ ತೆರಿಗೆ ರಿಯಾಯಿತಿ, ಪಡೆದಿದ್ದರು.

ಇದಕ್ಕೆ ದಾರಿ ಪರಿಷ್ಕೃತ ರಿಟರ್ನ್ ಅಲ್ಲ, ಅದರ ಗಡುವು ಎಂದೋ ಮುಗಿದಿತ್ತು. ಉಳಿದದ್ದು ಐಟಿಆರ್-ಯು ಒಂದೇ, ಅಂದರೆ ಆ ಗಡುವು ಮುಗಿದ ಮೇಲೂ ಹೆಚ್ಚುವರಿ ತೆರಿಗೆ ಕಟ್ಟಿ ಸಲ್ಲಿಸಬಹುದಾದ ನವೀಕೃತ ರಿಟರ್ನ್. ಅವರು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದರು: 20 ಶೇಕಡಾ ತೆರಿಗೆ ಮತ್ತು ಸೆಸ್ ಸೇರಿ 18,720 ರೂಪಾಯಿ, ಅದರ ಮೇಲೆ ತಿಂಗಳಿಗೆ ಶೇಕಡಾ ಒಂದರಂತೆ ಬಡ್ಡಿ, ಇವೆರಡರ ಒಟ್ಟು ಮೊತ್ತದ ಮೇಲೆ 25 ಶೇಕಡಾ ಹೆಚ್ಚುವರಿ ತೆರಿಗೆ. 2026ರ ಮಾರ್ಚ್ 31 ದಾಟಿದ್ದರೆ ಆ 25 ಐವತ್ತಾಗುತ್ತಿತ್ತು. ಇಲಾಖೆಯೇ ಕಂಡುಹಿಡಿದು ತಪ್ಪು ಮಾಹಿತಿ ಎಂದು ತೀರ್ಮಾನಿಸಿದರೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು ಎಂಬುದನ್ನೂ, ಹೆದರಿಸುವ ಧಾಟಿಯಿಲ್ಲದೆ, ಹೇಳಿದರು. ಚಲನ್ ಕಟ್ಟಿದ ಮೇಲೆಯೇ ರಿಟರ್ನ್ ಸಲ್ಲಿಸಿದರು, ಮೂರನೆಯ ದಿನಕ್ಕೆ ಕೆಲಸ ಮುಗಿಯಿತು.

ಕೊರತೆಗಳೂ ಇವೆ. ಶುಲ್ಕದ ರಸೀದಿಯನ್ನು ಎರಡು ಸಲ ಕೇಳಿ ಪಡೆಯಬೇಕಾಯಿತು. ಹೆಚ್ಚುವರಿ ಹಣ ಮರಳಿಸಲು ಅಂಚೆ ಕಚೇರಿಗೆ ಅರ್ಜಿಯನ್ನು ಚೆನ್ನಾಗಿಯೇ ಬರೆದುಕೊಟ್ಟರು, ಆದರೆ ಅದರ ಹಿಂದೆ ಓಡಾಡುವುದು ನಮ್ಮ ಪಾಲಿಗೇ ಉಳಿಯಿತು. ಮೆಟ್ಟಿಲುಗಳು ಕಡಿದಾಗಿವೆ, ಪಿಂಚಣಿಯ ಕಾಗದ ಹಿಡಿದು ಬಂದಿದ್ದ ಹಿರಿಯರೊಬ್ಬರು ಅರ್ಧದಲ್ಲೇ ಕುಳಿತಿದ್ದನ್ನು ಕಂಡು ಗುಮಾಸ್ತರೇ ಕೆಳಗಿಳಿದು ಅವರ ಸಹಿ ಹಾಕಿಸಿಕೊಂಡರು. ಹೋಗುವವರು ಎರಡೂ ಪಾಸ್‌ಪುಸ್ತಕಗಳನ್ನೂ, ಹಣ ಯಾರ ಖಾತೆಯಿಂದ ಹೋಯಿತು ಎಂಬುದನ್ನು ತೋರಿಸುವ ಬ್ಯಾಂಕ್ ವಿವರವನ್ನೂ ಒಯ್ಯಿರಿ, ಅವರು ಮೊದಲು ಕೇಳುವುದು ಅದನ್ನೇ.