ಒಂದೇ ಕಂಪ್ಯೂಟರ್, ಐದು ದಾರಿ: ಸಂಗೀತ ಕೇಳಲು ಯಾವುದು ಲೇಸು?

ಮನೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸಿಡಿಗಳನ್ನು ಒಂದೊಂದಾಗಿ ಫ್ಲ್ಯಾಕ್ (ಮೂಲದ ಯಾವ ಅಂಶವೂ ಕಳೆಯದಂತೆ ಸದ್ದನ್ನು ಕುಗ್ಗಿಸಿಡುವ ರೂಪ) ಕಡತಗಳಾಗಿ ಮಾಡಿ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ತುಂಬಿಸಿ ಮುಗಿಸಿದಾಗ, ಅವನ್ನು ಕಿವಿಗೆ ತಲುಪಿಸಲು ಒಳ್ಳೆಯ ದಾರಿ ಯಾವುದೆಂಬ ಪ್ರಶ್ನೆ ಎದುರಾಯಿತು. ಉತ್ತರಕ್ಕಾಗಿ ಸುಮಾರು ಮೂರು ತಿಂಗಳು ಐದು ದಾರಿಗಳನ್ನು ಪರೀಕ್ಷಿಸಿದೆ: ಕಂಪ್ಯೂಟರಿನಲ್ಲೇ ಇರುವ ಹಸಿರು ಆಡಿಯೊ ಜ್ಯಾಕ್, ಬೆರಳುದ್ದದ ಯುಎಸ್‌ಬಿ ಡಾಂಗಲ್, ಮೇಜಿನ ಮೇಲಿಡುವ ದೊಡ್ಡ ಡ್ಯಾಕ್ ಪೆಟ್ಟಿಗೆಗೆ ಯುಎಸ್‌ಬಿ ತಂತಿ, ಅದೇ ಪೆಟ್ಟಿಗೆಗೆ ಆಪ್ಟಿಕಲ್ ತಂತಿ, ಕೊನೆಗೆ ಬ್ಲೂಟೂತ್. ಅಂಕಿಗಳ ರೂಪದಲ್ಲಿರುವ ಸದ್ದನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವುದೇ ಡ್ಯಾಕಿನ ಕೆಲಸ. ಡಾಂಗಲ್ಲಿನೊಳಗೂ, ಮದರ್‌ಬೋರ್ಡಿನ ಮೇಲೂ ಅಂಥದ್ದೊಂದು ಚಿಪ್ ಇದ್ದೇ ಇರುತ್ತದೆ. ಸ್ಪೀಕರುಗಳು ಮೂರು ಪಿನ್ನಿನ ಪ್ಲಗ್ ಇರುವ, ಆಂಪ್ಲಿಫೈಯರ್ ಒಳಗೇ ಅಡಗಿರುವ ಜೋಡಿ. ಹೆಡ್‌ಫೋನ್ 32 ಓಮಿನದು (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಕೇಳಿದ ತುಣುಕುಗಳೂ ಬದಲಾಗಲಿಲ್ಲ: ತಂಬೂರಿಯಿಂದ ತೊಡಗುವ ಒಂದು ವಿಲಂಬಿತ ಖಯಾಲ್, ಘಟಂ ಇರುವ ಒಂದು ತನಿ ಆವರ್ತನ, ಎಂಬತ್ತರ ದಶಕದ ಒಂದು ಚಿತ್ರಗೀತೆ.

ಮೊದಲ ವಾರದ ಟಿಪ್ಪಣಿಗಳನ್ನೆಲ್ಲ ಹರಿದು ಹಾಕಬೇಕಾಯಿತು. ದೊಡ್ಡ ಡ್ಯಾಕ್ ಎಲ್ಲದರಲ್ಲೂ ಮುಂದಿದೆ, ಅದರಲ್ಲಿ ದನಿಗೆ ಮೈ ತುಂಬಿದೆ ಎಂದೆಲ್ಲ ಬರೆದುಕೊಂಡಿದ್ದೆ. ಆಮೇಲೆ ಅಳೆದು ನೋಡಿದರೆ, ಅದು ಹೊರಡಿಸುತ್ತಿದ್ದುದು 2 ವೋಲ್ಟ್, ಡಾಂಗಲ್ ಹೊರಡಿಸುತ್ತಿದ್ದುದು ಸುಮಾರು 1 ವೋಲ್ಟ್. ವೋಲ್ಟ್ ಇಮ್ಮಡಿಯಾದರೆ ಸದ್ದು 6 ಡೆಸಿಬಲ್ ಏರುತ್ತದೆ, ಮತ್ತು ತುಸು ಜೋರಾಗಿ ಕೇಳಿದ್ದನ್ನೇ ಕಿವಿ ಚೆನ್ನಾಗಿದೆ ಎಂದು ತೀರ್ಮಾನಿಸಿಬಿಡುತ್ತದೆ. ಆದ್ದರಿಂದ 100 ಹರ್ಟ್ಜಿನ ಒಂದೇ ಸ್ವರವನ್ನು ನುಡಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ತಂತಿಯ ಮೂಲಕ ಬರುವ ನಾಲ್ಕು ದಾರಿಗಳನ್ನೂ ಒಂದೇ ಮಟ್ಟಕ್ಕೆ ತಂದೆ. ಅಗ್ಗದ ಮೀಟರುಗಳು ಮನೆಯ ವಿದ್ಯುತ್ತಿನ 50 ಹರ್ಟ್ಜಿನ ಆಸುಪಾಸಿನಲ್ಲಿ ಮಾತ್ರ ನಂಬಿಕೆಗೆ ಅರ್ಹವಾಗಿರುವುದರಿಂದ ಆ ಕೆಳಸ್ವರವನ್ನು ಆರಿಸಿಕೊಂಡೆ. ಅಲ್ಲಿಂದ ಮುಂದೆ ಮಗಳು ನನ್ನ ಬೆನ್ನ ಹಿಂದೆ ಕುಳಿತು ಸ್ವಿಚ್ ತಿರುಗಿಸುತ್ತಿದ್ದಳು; ಯಾವುದು ನುಡಿಯುತ್ತಿದೆ ಎಂದು ನಾನು 16 ಸಲ ಹೇಳಬೇಕು. ಕಣ್ಣು ಮುಚ್ಚಿ ಊಹಿಸಿದರೂ 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಹಾಗಾಗಿ 12 ಮುಟ್ಟಿದರೆ ಮಾತ್ರ ವ್ಯತ್ಯಾಸ ಇದೆಯೆಂದು ಒಪ್ಪುವುದು ನಮ್ಮಿಬ್ಬರ ಕರಾರು.

ಹಸಿರು ಜ್ಯಾಕಿನ ವಿಷಯದಲ್ಲಿ ಇಷ್ಟೆಲ್ಲ ಪರೀಕ್ಷೆಯೇ ಬೇಕಾಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮೌಸ್ ಅಲ್ಲಾಡಿಸಿದರೆ ಸಣ್ಣಗೆ ಕಿರಕಿರ ಸದ್ದು, ಪರದೆಯ ಮೇಲೆ ಪುಟ ಸರಿಸಿದರೆ ಅದೇ ಸದ್ದು ಏರಿಳಿಯುತ್ತಿತ್ತು. ಕ್ಯಾಬಿನೆಟ್ಟಿನ ಮುಂಭಾಗದ ತೂತಿನಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿಗೆ ಹೋಗುವ ತೆಳು ತಂತಿ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ಚಿತ್ರಗೀತೆಯಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಆಲಾಪದ ನಡುವೆ ಗಾಯಕ ಉಸಿರೆಳೆದುಕೊಳ್ಳುವಾಗ ಮುಚ್ಚಿಹೋಗುವುದಿಲ್ಲ.

ಸಾವಿರ ರೂಪಾಯಿಯ ಆಸುಪಾಸಿನ ಡಾಂಗಲ್ ಹಾಕಿದೊಡನೆ ಆ ಕಿರಕಿರ ಪೂರ್ತಿ ಹೋಯಿತು. ಮಟ್ಟ ಸರಿಹೊಂದಿಸಿದ ಮೇಲೆ ಹೆಡ್‌ಫೋನಿನಲ್ಲಿ ಡಾಂಗಲ್ಲಿಗೂ ಹದಿನೈದು ಪಟ್ಟು ಬೆಲೆಯ ಡ್ಯಾಕಿಗೂ ನಡೆದ ಪಂದ್ಯದಲ್ಲಿ ನಾನು ಸರಿ ಹೇಳಿದ್ದು 16ರಲ್ಲಿ 9. ಬೇಸರವಾಯಿತೆಂದು ಒಪ್ಪಿಕೊಳ್ಳಬೇಕು, ಹಣ ಆಗಲೇ ಕೈಬಿಟ್ಟಿತ್ತು. ದೊಡ್ಡ ಪೆಟ್ಟಿಗೆ ನಿಜವಾಗಿ ಗೆದ್ದದ್ದು ಗೆಳೆಯರೊಬ್ಬರ 250 ಓಮಿನ ಹೆಡ್‌ಫೋನನ್ನು ತಂದು ಚುಚ್ಚಿದಾಗ: ಡಾಂಗಲ್ಲಿನಲ್ಲಿ ವಾಲ್ಯೂಮ್ ತುದಿ ಮುಟ್ಟಿದರೂ ಸದ್ದು ಸಾಲದಾಯಿತು, ಪೆಟ್ಟಿಗೆಯಲ್ಲಿ ಅರ್ಧಕ್ಕೇ ಸಾಕಾಯಿತು.

ಆದರೆ ಸ್ಪೀಕರಿನ ಕಥೆ ಬೇರೆ, ಮತ್ತು ನನಗೆ ಅತಿ ಹೆಚ್ಚು ಸಮಯ ಹಿಡಿದದ್ದೂ ಅದೇ. ಖಯಾಲಿನ ಗಾಯಕರ ಷಡ್ಜ ಹಾರ್ಮೋನಿಯಮ್ಮಿನ ಕಪ್ಪು ಒಂದು, ಅಂದರೆ ಸುಮಾರು 138 ಹರ್ಟ್ಜ್. ತಂಬೂರಿಯ ಮಂದ್ರ ಪಂಚಮದ ತಂತಿ ಸುಮಾರು 104 ಹರ್ಟ್ಜಿನಲ್ಲಿ ಮಿಡಿಯುತ್ತದೆ. ಆ ಧ್ವನಿಮುದ್ರಣ ಸ್ಪೀಕರಿನಲ್ಲಿ ಕೇಳಿದಾಗಲೆಲ್ಲ ಪಂಚಮದ ತಂತಿ ಯಾಕೋ ಇಳಿದಂತೆ, ತಂಬೂರಿ ಮಿಲಾಯಿಸುವುದನ್ನು ಯಾರೋ ಅರ್ಧಕ್ಕೆ ಬಿಟ್ಟಂತೆ ಅನಿಸುತ್ತಿತ್ತು. ಹಾಡು ನಿಲ್ಲಿಸಿದರೂ ಆ ನಾದ ನಿಲ್ಲದೆ ಇದ್ದಾಗ ಗುಟ್ಟು ಬಯಲಾಯಿತು. ಅದು ವಿದ್ಯುತ್ತಿನ ಗುಂಯ್‌ಗುಡುವಿಕೆ; 50 ಹರ್ಟ್ಜಿನ ಇಮ್ಮಡಿಯಾದ 100 ಹರ್ಟ್ಜ್ ಪಂಚಮದ ಮಗ್ಗುಲಿಗೇ, ಬೇಸೂರಾಗಿ ಕುಳಿತಿತ್ತು. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ, ಎರಡಕ್ಕೂ ಬೇರೆ ಬೇರೆ ಅರ್ಥಿಂಗ್ ತಂತಿ, ನಡುವೆ ಆಡಿಯೊ ತಂತಿಯ ಹೊರಕವಚ: ಇಷ್ಟು ಸೇರಿದರೆ ಒಂದು ಸುತ್ತು ಪೂರ್ತಿಯಾಗಿ ಅದರಲ್ಲಿ ಸಣ್ಣ ಪ್ರವಾಹ ಹರಿಯುತ್ತದೆ, ಸ್ಪೀಕರ್ ಅದನ್ನೂ ಸಂಗೀತವೆಂದೇ ಬಗೆದು ನುಡಿಸುತ್ತದೆ.

ಇಲ್ಲಿ ಡಾಂಗಲ್, ದುಬಾರಿ ಡ್ಯಾಕ್ ಎರಡೂ ಸಮಾನವಾಗಿ ಸೋತವು, ಏಕೆಂದರೆ ಯುಎಸ್‌ಬಿ ತಂತಿ ಕಂಪ್ಯೂಟರಿನ ಅರ್ಥಿಂಗನ್ನೂ ಜೊತೆಗೇ ಹೊತ್ತು ತರುತ್ತದೆ. ಸ್ಪೀಕರಿನ ಪ್ಲಗ್ಗಿನಿಂದ ದಪ್ಪ ಪಿನ್ ತೆಗೆದುಬಿಡಿ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟರು. ಅದನ್ನು ಯಾರೂ ಮಾಡಕೂಡದು: ಸ್ಪೀಕರಿನೊಳಗೆ ಏನಾದರೂ ಕೆಟ್ಟರೆ ಅದರ ಲೋಹದ ಮೈಯಲ್ಲಿ 230 ವೋಲ್ಟ್ ಕುಳಿತಿರುತ್ತದೆ. ಕಂಪ್ಯೂಟರನ್ನೂ ಸ್ಪೀಕರುಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದಾಗ ಮುಕ್ಕಾಲು ಪಾಲು ಗದ್ದಲ ಇಳಿಯಿತು. ಉಳಿದದ್ದನ್ನು ಕಳೆದದ್ದು ಐನೂರು ರೂಪಾಯಿಯೂ ಆಗದ ಆಪ್ಟಿಕಲ್ ತಂತಿ. ಅದರಲ್ಲಿ ಹೋಗುವುದು ಬೆಳಕು ಮಾತ್ರ, ತಾಮ್ರವೇ ಇಲ್ಲದಿರುವುದರಿಂದ ಸುತ್ತು ಅಲ್ಲಿಗೇ ಕಡಿದುಹೋಗುತ್ತದೆ. ತಂಬೂರಿಯ ಪಂಚಮ ಆವತ್ತು ಸರಿಯಾಗಿ ಸೇರಿತು. ಹೆಡ್‌ಫೋನಿಗೆ ಅರ್ಥಿಂಗ್ ಇಲ್ಲದಿರುವುದರಿಂದ ಅಲ್ಲಿ ಈ ತಾಪತ್ರಯ ಎಂದೂ ಇರಲಿಲ್ಲ.

ಬ್ಲೂಟೂತಿನಲ್ಲೂ ಗುಂಯ್ ಇಲ್ಲ, ಅದೊಂದೇ ಅದರ ಹೆಗ್ಗಳಿಕೆ. ನನ್ನ ಸ್ಪೀಕರಿಗೆ ತಿಳಿಯುವುದು ಎಸ್‌ಬಿಸಿ ಎಂಬ ಹಳೆಯ ಕೊಡೆಕ್ (ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) ಮಾತ್ರ. ಸಿಡಿಯ ಸೆಕೆಂಡಿಗೆ 1,411 ಕಿಲೋಬಿಟ್ ಅದರಲ್ಲಿ ಹೆಚ್ಚೆಂದರೆ 328ರ ಆಸುಪಾಸಿಗೆ ಕುಗ್ಗುತ್ತದೆ. ಅದಕ್ಕಿಂತ ಕಿರಿಕಿರಿ ಎಂದರೆ, ಅಡುಗೆಮನೆಯಲ್ಲಿ ಮೈಕ್ರೊವೇವ್ ಚಾಲೂ ಆದರೆ ಹಾಡು ತುಂಡು ತುಂಡಾಗುತ್ತಿತ್ತು, ಎರಡೂ ಬಳಸುವುದು 2.4 ಗಿಗಾಹರ್ಟ್ಜಿನ ಅಲೆಗಳನ್ನೇ.

ತಂತ್ರಾಂಶದಲ್ಲಿ ನಾನು ಹೋಲಿಸಿದ್ದು ವಿಂಡೋಸಿನ ಸಾಮಾನ್ಯ ದಾರಿಯನ್ನೂ, ಫೂಬಾರ್ 2000 ಎಂಬ ಹಾಡು ನುಡಿಸುವ ತಂತ್ರಾಂಶದಲ್ಲಿ ಸಿಗುವ ವಾಸಪಿ ಎಕ್ಸ್‌ಕ್ಲೂಸಿವ್ ದಾರಿಯನ್ನೂ. ಮೊದಲನೆಯದರಲ್ಲಿ ಎಲ್ಲ ತಂತ್ರಾಂಶಗಳ ಸದ್ದೂ ಒಂದೇ ಮಿಕ್ಸರಿನಲ್ಲಿ ಕಲೆಯುತ್ತದೆ; ಎರಡನೆಯದು ಆ ಮಿಕ್ಸರನ್ನು ಬದಿಗಿಟ್ಟು ಡ್ಯಾಕನ್ನು ಒಂದೇ ತಂತ್ರಾಂಶದ ವಶಕ್ಕೆ ಕೊಡುತ್ತದೆ. ಮಿಕ್ಸರಿನಲ್ಲಿ ದರ 48,000 ಎಂದಿದ್ದರೆ ಸಿಡಿಯ ಸೆಕೆಂಡಿಗೆ 44,100 ಸ್ಯಾಂಪಲ್‌ಗಳನ್ನೂ (ಸದ್ದಿನ ಅಲೆಯನ್ನು ಅಳೆದಿಟ್ಟ ಅಂಕಿಗಳನ್ನೂ) ಅದಕ್ಕೆ ತಕ್ಕಂತೆ ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ಈ ಮರುಲೆಕ್ಕ ನನ್ನ ಕಿವಿಗೆ ಸಿಕ್ಕಲಿಲ್ಲ, 16ರಲ್ಲಿ 8. ಕಿವಿಗೆ ಸಿಕ್ಕದ್ದು ಸೌಂಡ್ ಸೆಟ್ಟಿಂಗಿನಲ್ಲಿ ಮೊದಲೇ ಚಾಲೂ ಇದ್ದ, ಜೋರು ಮೆಲ್ಲನೆಯ ಸದ್ದುಗಳನ್ನು ಒಂದೇ ಮಟ್ಟಕ್ಕೆ ತರುವ ಲೌಡ್‌ನೆಸ್ ಈಕ್ವಲೈಸೇಶನ್. ಗಾಯಕ ನಿಲ್ಲಿಸಿದ ಕೂಡಲೇ ಹಿಂದಿದ್ದ ತಂಬೂರಿ ನಿಧಾನವಾಗಿ ಉಬ್ಬಿ ಮುಂದೆ ಬರುತ್ತದೆ, ಮತ್ತೆ ಹಾಡತೊಡಗಿದರೆ ತಗ್ಗಿ ಹಿಂದೆ ಸರಿಯುತ್ತದೆ, ಯಾರೋ ವಾಲ್ಯೂಮ್ ಗುಂಡಿಯ ಮೇಲೆ ಕೈಯಿಟ್ಟು ಕುಳಿತಂತೆ. ಅದನ್ನು ತೆಗೆದುಹಾಕಿದ್ದು ಕಾಸಿಲ್ಲದೆ ಸಿಕ್ಕ ದೊಡ್ಡ ಸುಧಾರಣೆ. ಆದರೂ ನಾನು ಎಕ್ಸ್‌ಕ್ಲೂಸಿವ್ ದಾರಿಯನ್ನೇ ಉಳಿಸಿಕೊಂಡಿದ್ದೇನೆ, ಧ್ವನಿಗಾಗಿ ಅಲ್ಲ, ಆಲಾಪದ ನಡುವೆ ಇಮೇಲ್ ಬಂದ ಟಿಣ್ ಸದ್ದು ಕೇಳದಿರಲಿ ಎಂದು.

ಕಡತಗಳ ವಿಷಯ ಬೇಗ ಮುಗಿಯಿತು. 128 ಕಿಲೋಬಿಟ್ಟಿನ ಎಂಪಿ3ಯನ್ನು 16ರಲ್ಲಿ 15 ಸಲ ಗುರುತಿಸಿದೆ. ಘಟಂನ ಪ್ರತಿ ಪೆಟ್ಟಿಗೂ ಮೊದಲೇ ಅದರ ಮಬ್ಬು ನೆರಳೊಂದು ಕೇಳುತ್ತದೆ, ಪೆಟ್ಟಿನ ಅಂಚು ಮೊಂಡಾಗುತ್ತದೆ. 320 ಕಿಲೋಬಿಟ್ಟಿನ ಎಂಪಿ3ಗೂ ಫ್ಲ್ಯಾಕಿಗೂ 9, 24 ಬಿಟ್ಟಿನ 96 ಕಿಲೋಹರ್ಟ್ಜ್ ಕಡತಕ್ಕೂ ಅದರಿಂದಲೇ ಮಾಡಿದ ಸಿಡಿ ಗುಣಮಟ್ಟದ ಪ್ರತಿಗೂ 8. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಗಳಂಥ ಹಳೆಯ ಮುದ್ರಣಗಳಿಗೆ 24 ಬಿಟ್ ಕೇಳುವುದು, ಸೂಜಿಯ ಸರಸರ ಸದ್ದನ್ನು ಹೆಚ್ಚು ನಿಖರವಾಗಿ ಕೇಳಲು ಹಣ ಕೊಟ್ಟಂತೆ. ಫ್ಲ್ಯಾಕನ್ನು ನಾನು ಇಟ್ಟುಕೊಂಡಿರುವುದು ಬೇರೆ ಕಾರಣಕ್ಕೆ: ಅದು ನಷ್ಟವಿಲ್ಲದ ಮೂಲವಾದ್ದರಿಂದ ಯಾವಾಗ ಬೇಕಾದರೂ ಯಾವ ರೂಪದಲ್ಲೂ ಹೊಸ ಪ್ರತಿ ಮಾಡಿಕೊಳ್ಳಬಹುದು.

ಈಗ ಸ್ಪೀಕರಿಗೆ ಆಪ್ಟಿಕಲ್ ದಾರಿಯಲ್ಲಿ ಡ್ಯಾಕ್, ಹೆಡ್‌ಫೋನಿಗೆ ಡಾಂಗಲ್, ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡು. ಹಸಿರು ಜ್ಯಾಕಿನಲ್ಲಿ ಮಗಳ ಆನ್‌ಲೈನ್ ತರಗತಿಯ ಹೆಡ್‌ಸೆಟ್ ನೇತಾಡುತ್ತಿರುತ್ತದೆ.